ಪಕ್ಕದ ಸೀಟಿನ ಪ್ರಶ್ನೆಗಳು: ಕಾರ್ ಪ್ರಿಯರ ಭೇಟಿ, ಅವರ ಮಾಡಿಫೈಡ್ ಕಾರಲ್ಲಿ ಒಂದು ರೌಂಡ್

ಕಾರ್ ಮೀಟ್‌ಗೆ, ಅಂದರೆ ಕಾರ್ ಪ್ರಿಯರು ತಮ್ಮ ಕಾರ್ ತಂದು ಸೇರುವ ಕೂಟಕ್ಕೆ, ಹೋಗಿ ಬಂದವರು, ಹೋಗಬೇಕು ಅಂತಿರುವವರು ಮಾತಿನ ನಡುವೆಯೋ ಪತ್ರದಲ್ಲೋ ಪದೇ ಪದೇ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೇಲಿನವು ಹೊಸಬರಿಗೆ. ಕೆಳಗೆ ಹೋದಂತೆ, ಆಗಲೇ ಕೈಗೆ ಸ್ವಲ್ಪ ಗ್ರೀಸ್ ಮೆತ್ತಿಕೊಂಡವರಿಗೆ.

## ಮೊದಲ ಭೇಟಿ

ನನ್ನ ಹತ್ರ ಕಾರೇ ಇಲ್ಲ. ಮೀಟ್‌ಗೆ ಹೋದರೆ ನಗ್ತಾರಾ?

ಇಲ್ಲ. ಮೀಟ್‌ಗೆ ಬರುವವರಲ್ಲಿ ಕಾರ್ ಇಲ್ಲದವರು, ಕಾರ್ ಗ್ಯಾರೇಜಲ್ಲಿ ಬಿಚ್ಚಿ ಬಿದ್ದಿರುವವರು, ಗೆಳೆಯನ ಜೊತೆ ಸುಮ್ನೆ ಬಂದವರು ಎಲ್ಲರೂ ಇರುತ್ತಾರೆ. ಕಾರನ್ನು ತಮಗೆ ಬೇಕಾದಂತೆ ಬದಲಾಯಿಸಿ ಮಾಡಿಸಿದವರಿಗೆ ಬೇಕಿರುವುದು ಕೇಳುವ ಕಿವಿ. ಆರು ತಿಂಗಳು ಮನೆಯವರು ಕೇಳಿಸಿಕೊಳ್ಳದ ಸಸ್ಪೆನ್ಷನ್ ಕಥೆಯನ್ನು ನೀವು ಹತ್ತು ನಿಮಿಷ ಕೇಳಿದರೆ ಸಾಕು, ನಿಮ್ಮ ಕಾರ್ ಯಾವುದು ಎಂದು ಅವರು ಕೇಳುವುದೂ ಇಲ್ಲ.

ಅಲ್ಲಿ ನಿಜಕ್ಕೂ ಏನು ನಡೆಯುತ್ತೆ? ರೇಸಾ?

ಬಹುತೇಕ ಮೀಟ್‌ಗಳಲ್ಲಿ ಏನೂ ನಡೆಯುವುದಿಲ್ಲ, ಮಜಾ ಇರುವುದೇ ಅದರಲ್ಲಿ. ಕಾರ್ ನಿಲ್ಲಿಸುತ್ತಾರೆ, ಬಾನೆಟ್ ಎತ್ತುತ್ತಾರೆ, ಹರಟುತ್ತಾರೆ. ಕೆಲವು ಕಡೆ ಬೆಳಗ್ಗೆ ಒಟ್ಟಾಗಿ ಒಂದು ದೂರದ ಡ್ರೈವ್ ಇರುತ್ತದೆ. ರೇಸ್ ಟ್ರ್ಯಾಕನ್ನು ಬಾಡಿಗೆಗೆ ಹಿಡಿದು ಓಡಿಸುವ ಟ್ರ್ಯಾಕ್ ಡೇ ಬೇರೆಯೇ ಲೋಕ, ಅದು ಕೆಳಗೆ ಬರುತ್ತದೆ.

ಈ ಹುಚ್ಚು ಹೊಸದೇನಲ್ಲ. 1930ರ ದಶಕದಲ್ಲೇ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳ ಮಡ್‌ಗಾರ್ಡ್ ಕಿತ್ತು, ಎಂಜಿನ್ ತಿದ್ದಿ, ಮುರಾಕ್‌ನಂಥ ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದರು. ಜಪಾನಿನ ಯೊಕೊಹಾಮಾದಲ್ಲಿ ಹೆದ್ದಾರಿ ಪಕ್ಕದ ಡೈಕೊಕು ಪಾರ್ಕಿಂಗ್ ಏರಿಯಾ ಈಗ ಜಗತ್ತಿನ ಕಾರ್ ಪ್ರಿಯರೆಲ್ಲ ನೋಡಬೇಕೆನ್ನುವ ಜಾಗ. ಅದು ಬರೀ ಪಾರ್ಕಿಂಗ್ ಜಾಗ, ಅಷ್ಟೇ. ಗಲಾಟೆ ಜಾಸ್ತಿಯಾದರೆ ಪೊಲೀಸರು ಬಂದು ಮುಚ್ಚಿಸುತ್ತಾರೆ.

ಯಾವುದಾದರೂ ಮೀಟ್‌ನಲ್ಲಿ ಟೈರ್ ಸುಡುವುದು, ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿ ಶುರುವಾದರೆ ಹೊರಟುಬಿಡಿ. ಇಂಥ ಒಬ್ಬಿಬ್ಬರಿಂದಲೇ ಒಳ್ಳೆಯ ಜಾಗಗಳು ಎಲ್ಲರಿಗೂ ಮುಚ್ಚಿಹೋಗುವುದು.

ಗೊತ್ತಿಲ್ಲದವರ ಹತ್ರ ಮಾತು ಹೇಗೆ ಶುರು ಮಾಡಲಿ?

"ಮೊದಲು ಏನು ಬದಲಾಯಿಸಿದ್ರಿ?" ಎಂದು ಕೇಳಿ. ಕಾರಿನ ಕಥೆಯೆಲ್ಲ ತಾನಾಗಿ ಬರುತ್ತದೆ. "ಎಷ್ಟು ಖರ್ಚಾಯ್ತು?" ಎಂಬುದನ್ನು ಮೊದಲ ಪ್ರಶ್ನೆ ಮಾಡಬೇಡಿ. ಕೆಲವರು ಅದರ ಉತ್ತರವನ್ನು ಮನೆಯಲ್ಲೂ ಹೇಳಿರುವುದಿಲ್ಲ. "ಇದರ ಬದಲು ಇನ್ನೊಂದು ಕಾರೇ ತಗೋಬಹುದಿತ್ತಲ್ಲ" ಅನ್ನುವುದೂ ಬೇಡ. ಅದನ್ನು ಅವರು ಸಾಕಷ್ಟು ಕೇಳಿದ್ದಾರೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಇಂಟರ್‌ಕೂಲರ್ ಯಾವುದು ಎಂದು ಕೇಳಿದರೆ ಬೆರಳಿಟ್ಟು ತೋರಿಸಿ, ಅದು ಟರ್ಬೊದಿಂದ (ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಬಂದ ಬಿಸಿ ಗಾಳಿಯನ್ನು ಹೇಗೆ ತಣ್ಣಗೆ ಮಾಡುತ್ತದೆ ಎಂದು ಖುಷಿಯಿಂದ ವಿವರಿಸುತ್ತಾರೆ. ಗೊತ್ತಿರುವ ಹಾಗೆ ತಲೆಯಾಡಿಸಿದರೆ ಎರಡನೇ ಮಾತಿಗೇ ಸಿಕ್ಕಿಬೀಳುತ್ತೀರಿ.

ಮುಟ್ಟಬಹುದಾ? ಫೋಟೋ ತೆಗೀಬಹುದಾ?

ಕೇಳದೆ ಮುಟ್ಟಬೇಡಿ. ಬಣ್ಣದ ಮೇಲಿನ ಸಣ್ಣ ಧೂಳಿನ ಕಣವೂ ಬೆರಳು ಎಳೆದರೆ ಗೀರು ಮೂಡಿಸುತ್ತದೆ. ಕಾರಿಗೆ ಒರಗುವುದಂತೂ ಬೇಡವೇ ಬೇಡ. ಪ್ಯಾಂಟಿನ ಗುಂಡಿ, ಬ್ಯಾಗಿನ ಜಿಪ್ ನಿಮ್ಮ ಗಮನಕ್ಕೆ ಬರದೇ ಕೆಲಸ ಮಾಡಿಬಿಟ್ಟಿರುತ್ತವೆ. ಫೋಟೋಗೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಆದರೆ ನಾಲ್ಕು ಜನಕ್ಕೆ ತೋರಿಸುವ ಮುಂಚೆ ನಂಬರ್ ಪ್ಲೇಟ್ ಮುಚ್ಚಿ. ಕಾರ್ ಎಲ್ಲಿ ನಿಲ್ಲುತ್ತದೆ ಎಂಬುದು ಕಳ್ಳರಿಗೆ ಬೇಕಾದ ಮಾಹಿತಿ.

ಸ್ಟೇಜ್ 1, ಸ್ಟೇಜ್ 2 ಅಂತಾರಲ್ಲ, ಅದೇನು?

ಟರ್ಬೊ ಕಾರುಗಳ ಮಾತಿನಲ್ಲಿ ಸ್ಟೇಜ್ 1 ಅಂದರೆ ಹೆಚ್ಚಾಗಿ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ತಿದ್ದಿದ್ದು. ಸ್ಟೇಜ್ 2 ಅಂದರೆ ಅದರ ಜೊತೆ ಇನ್‌ಟೇಕ್ (ಗಾಳಿ ಒಳಗೆ ಬರುವ ದಾರಿ), ಎಕ್ಸಾಸ್ಟ್ (ಹೊಗೆ ಹೊರಗೆ ಹೋಗುವ ಕೊಳವೆ), ಇಂಟರ್‌ಕೂಲರ್‌ನಂಥ ಭಾಗಗಳೂ ಬದಲಾಗಿವೆ. ಸ್ಟೇಜ್ 3ಕ್ಕೆ ದೊಡ್ಡ ಟರ್ಬೊ, ಎಂಜಿನ್ನಿಗೆ ಇಂಧನ ಚಿಮ್ಮಿಸುವ ದೊಡ್ಡ ಇಂಜೆಕ್ಟರ್. ಆದರೆ ಇದಕ್ಕೆ ಯಾವ ಮಾನದಂಡವೂ ಇಲ್ಲ. ಎಂಜಿನ್ ತಿದ್ದಿಕೊಡುವ ಒಬ್ಬ ಟ್ಯೂನರ್‌ನ ಸ್ಟೇಜ್ 2 ಇನ್ನೊಬ್ಬನ ಸ್ಟೇಜ್ 1 ಆಗಿರಬಹುದು. ಹಾಗಾಗಿ ಸ್ಟೇಜ್ ಕೇಳಿ ಸುಮ್ಮನಾಗಬೇಡಿ, ಏನೇನು ಬದಲಾಗಿದೆ ಎಂದೂ ಕೇಳಿ.

"ಒಂದು ರೌಂಡ್ ಕರ್ಕೊಂಡು ಹೋಗಿ" ಅಂತ ಕೇಳೋದು ತಪ್ಪಾ?

ತಪ್ಪಲ್ಲ, ಆದರೆ ಅವರಾಗಿ ಕರೆಯುವ ತನಕ ಕಾದರೆ ಚೆನ್ನ. ಅರ್ಧ ಗಂಟೆ ಚೆನ್ನಾಗಿ ಮಾತಾಡಿದ ಮೇಲೆ ಬಹುಪಾಲು ಜನ ತಾವೇ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾರೆ. ಕೇಳಲೇಬೇಕು ಅನ್ನಿಸಿದರೆ ಬೇಡ ಅನ್ನಲು ಅವರಿಗೆ ದಾರಿ ಬಿಟ್ಟು ಕೇಳಿ: "ಯಾವತ್ತಾದ್ರೂ ಅನುಕೂಲ ಆದಾಗ." ಎಂಜಿನ್ ಹೊಸದಾಗಿ ಕಟ್ಟಿಸಿದ್ದರೆ, ವಿಮೆ ಸರಿ ಇಲ್ಲದಿದ್ದರೆ, ಏನೋ ಶಬ್ದ ಬರುತ್ತಿದೆ ಎಂದು ಅನುಮಾನವಿದ್ದರೆ ಅವರು ಒಲ್ಲೆ ಅನ್ನಬಹುದು. ಕಾರಣ ಕೆದಕಬೇಡಿ.

## ಹತ್ತುವ ಮುಂಚೆ

ಅಪರಿಚಿತರ ಕಾರ್ ಹತ್ತೋದು ಸೇಫಾ? ಹೇಗೆ ಗೊತ್ತು ಮಾಡ್ಕೊಳ್ಳೋದು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನನ್ನ ಉತ್ತರ ಯಾವಾಗಲೂ ಒಂದೇ: ಪವರ್ ನೋಡಿ ಹತ್ತಬೇಡಿ, ಓಡಿಸುವವರನ್ನು ನೋಡಿ ಹತ್ತಿ. 500 ಹಾರ್ಸ್‌ಪವರ್ ಕಾರಲ್ಲಿ ತಣ್ಣಗೆ ಓಡಿಸುವವರ ಪಕ್ಕ ಕೂರಬಹುದು. 100 ಹಾರ್ಸ್‌ಪವರ್ ಕಾರಲ್ಲಿ ತೋರಿಸಿಕೊಳ್ಳಲು ಹೊರಟವರ ಪಕ್ಕ ಕೂರಬಾರದು.

ಆ ದಿನ ಅವರು ಪಾರ್ಕಿಂಗ್‌ಗೆ ಹೇಗೆ ಬಂದರು ನೋಡಿ. ಜನ ಇರುವ ಕಡೆ ಎಂಜಿನ್ ರೇಗಿಸುತ್ತಾ ಬಂದರಾ, ನಡೆದು ಹೋಗುವವರಿಗೆ ದಾರಿ ಬಿಟ್ಟರಾ? ಹೊರಡುವ ಮುಂಚೆ ನಿಮ್ಮ ಬೆಲ್ಟ್ ಕಡೆ ನೋಡುವವರು ಒಳ್ಳೆಯ ಲಕ್ಷಣ. ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಾ ಓಡಿಸುವವರು, ಸ್ವಲ್ಪವಾದರೂ ಕುಡಿದವರು, "ಹೆದರ್ಕೋತೀಯಾ?" ಎಂದು ನಗುವವರು ಬೇಡ.

ಆಮೇಲೆ ಟೈರ್ ನೋಡಿ. ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರ್. ಎಂಜಿನ್ನಿಗೆ ಸುರಿದ ದುಡ್ಡಿಗೆ ಲೆಕ್ಕವಿಲ್ಲ, ಟೈರ್ ಮಾತ್ರ ಹತ್ತು ವರ್ಷದ್ದು, ಅಂಚಿನಲ್ಲಿ ಬಿರುಕು ಬಿಟ್ಟಿದೆ ಅಂದರೆ ಆ ಕಾರಿನ ಆದ್ಯತೆ ಏನು ಎಂದು ಗೊತ್ತಾಯಿತಲ್ಲ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ, ಎಬಿಎಸ್ ದೀಪ ಉರಿಯುತ್ತಿದ್ದರೆ ಯಾಕೆ ಎಂದು ಕೇಳಿ. ಸೀಟು, ಸ್ಟೀರಿಂಗ್ ಬದಲಾಯಿಸಿದಾಗ ಏರ್‌ಬ್ಯಾಗ್ ತೆಗೆದಿರುವುದು ಸಾಮಾನ್ಯ. ಅದನ್ನು ಮುಚ್ಚಿಡದೆ ಹೇಳುತ್ತಾರಾ ಎಂಬುದು ಮುಖ್ಯ.

ಹುಡುಗಿಯರು ಒಬ್ರೇ ಹೋಗಬಹುದಾ?

ಎಷ್ಟೋ ಜನ ಹೋಗುತ್ತಾರೆ, ಕಾರ್ ತಾವೇ ಕಟ್ಟಿಸಿಕೊಂಡು ಬರುವ ಹೆಂಗಸರೂ ಇದ್ದಾರೆ. ಬೆಳಗಿನ ಹೊತ್ತಿನ, ಆಯೋಜಕರು ಯಾರೆಂದು ಗೊತ್ತಿರುವ ಮೀಟ್‌ನಿಂದ ಶುರು ಮಾಡಿ. ಸವಾರಿಗೆ ಹೊರಡುವ ಮುಂಚೆ ಕಾರಿನ ನಂಬರ್, ಹೋಗುವ ದಾರಿ ಒಬ್ಬರಿಗೆ ಕಳಿಸಿ, ಅದನ್ನು ಓಡಿಸುವವರ ಎದುರಿಗೇ ಮಾಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಗಿನಿಂದ ಬಾಗಿಲು ಹೇಗೆ ತೆಗೆಯುವುದು ಎಂದೂ ಕೇಳಿಕೊಳ್ಳಿ. ರೇಸ್ ಥರ ಮಾಡಿಸಿದ ಕೆಲವು ಕಾರುಗಳಲ್ಲಿ ಹಿಡಿಕೆಯೇ ಇರುವುದಿಲ್ಲ, ಒಂದು ಪಟ್ಟಿ ಎಳೆಯಬೇಕು. ಈ ಕೊನೆಯ ಮಾತು ಗಂಡಸರಿಗೂ ಸೇರಿ.

ಏನು ಹಾಕ್ಕೊಂಡು ಹೋಗಲಿ?

ತೆಳು ಅಡಿಯ ಮುಚ್ಚಿದ ಶೂ. ದಪ್ಪ ಲೋಹದ ಬಕಲ್ ಇರುವ ಬೆಲ್ಟ್ ಬೇಡ, ಬಕೆಟ್ ಸೀಟಿನ (ಪಕ್ಕಗಳು ಎತ್ತರವಾಗಿದ್ದು ಮೈ ಹಿಡಿದುಕೊಳ್ಳುವ ಸೀಟು) ಅಂಚಿಗೆ ಉಜ್ಜುತ್ತದೆ. ಜೇಬಿನ ಕೀಲಿ, ಫೋನ್ ಹೊರಗೆ ತೆಗೆದು ಜಿಪ್ ಇರುವ ಜಾಗದಲ್ಲಿಡಿ. ಬ್ರೇಕ್ ಒತ್ತಿದಾಗ ಜಾರಿದ ಫೋನ್ ಡ್ರೈವರ್‌ನ ಪೆಡಲ್ ಕೆಳಗೆ ಹೋಗಿ ಸೇರಿದರೆ ಆಮೇಲಿನದು ಹೇಳಬೇಕಾಗಿಲ್ಲ.

ಆ ನಾಲ್ಕು ಪಟ್ಟಿ ಬೆಲ್ಟ್ ಹೇಗೆ ಹಾಕೋದು? ಮಾಮೂಲಿ ಬೆಲ್ಟ್ ಸಾಕಲ್ವಾ?

ಸೊಂಟದ ಪಟ್ಟಿ ಮೊದಲು. ಅದು ಹೊಟ್ಟೆಯ ಮೇಲೆ ಅಲ್ಲ, ಕೆಳಗೆ ಸೊಂಟದ ಮೂಳೆಯ ಮೇಲೆ ಕೂರಬೇಕು. ಗಟ್ಟಿಯಾಗಿ ಎಳೆದು ಬಿಗಿ ಮಾಡಿದ ಮೇಲೆ ಭುಜದ ಪಟ್ಟಿಗಳು. ಭುಜದ್ದನ್ನು ಮೊದಲು ಬಿಗಿದರೆ ಸೊಂಟದ ಪಟ್ಟಿ ಮೇಲಕ್ಕೆ ಬರುತ್ತದೆ. ಆ ಸ್ಥಿತಿಯಲ್ಲಿ ಎದುರಿಂದ ಹೊಡೆತ ಬಿದ್ದರೆ ದೇಹ ಪಟ್ಟಿಯ ಕೆಳಗೆ ಜಾರಿ, ಪಟ್ಟಿ ಮೃದುವಾದ ಹೊಟ್ಟೆಯನ್ನು ಒತ್ತುತ್ತದೆ. ಐದು, ಆರು ಪಟ್ಟಿಯ ಹಾರ್ನೆಸ್‌ನಲ್ಲಿ ತೊಡೆಗಳ ನಡುವೆ ಬರುವ ಪಟ್ಟಿ ಇರುವುದು ಈ ಜಾರುವಿಕೆ ತಡೆಯಲು.

ಭುಜದ ಪಟ್ಟಿಗಳು ಹಿಂದೆ ಎಲ್ಲಿಗೆ ಹೋಗಿ ಕಟ್ಟಿಕೊಂಡಿವೆ ನೋಡಿ. ಭುಜದ ಮಟ್ಟದಿಂದ ಸ್ವಲ್ಪವೇ ಇಳಿಜಾರಾಗಿ ಹಿಂದಕ್ಕೆ ಹೋಗಬೇಕು. ನೇರ ಕೆಳಗೆ, ಹಿಂದಿನ ಸೀಟಿನ ನೆಲಕ್ಕೆ ಕಟ್ಟಿದ್ದರೆ ಅಪಘಾತದಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಕಂಪನಿಯಿಂದ ಬಂದ ಮಾಮೂಲಿ ಸೀಟಿಗೆ, ಪಟ್ಟಿ ಹಾಯಲು ತೂತುಗಳೇ ಇಲ್ಲದೆ, ಹಾರ್ನೆಸ್ ಸಿಕ್ಕಿಸಿದ್ದರೆ ಅದು ಬರೀ ಅಲಂಕಾರ.

ಮಾಮೂಲಿ ಮೂರು ಬಿಂದುವಿನ ಬೆಲ್ಟ್ ಇನ್ನೂ ಇದ್ದು ಕೆಲಸ ಮಾಡುತ್ತಿದ್ದರೆ, ಊರೊಳಗಿನ ರಸ್ತೆಗೆ ನಾನು ಅದನ್ನೇ ಹಾಕಿಕೊಳ್ಳುತ್ತೇನೆ. ವೋಲ್ವೊದ ನಿಲ್ಸ್ ಬೊಹ್ಲಿನ್ 1959ರಲ್ಲಿ ತಂದ ಆ ವಿನ್ಯಾಸವನ್ನು ಸೀಟು, ಏರ್‌ಬ್ಯಾಗ್ ಜೊತೆ ಸೇರಿಸಿಯೇ ಇವತ್ತಿನ ಕಾರುಗಳು ಪರೀಕ್ಷೆಗೆ ಒಳಗಾಗುತ್ತವೆ. ಹಾರ್ನೆಸ್ ಹಾಕಿಕೊಳ್ಳುವುದಾದರೆ ಎಂಜಿನ್ ಶುರುವಾಗುವ ಮುಂಚೆ ಒಮ್ಮೆ ನೀವೇ ಬಿಚ್ಚಿ ನೋಡಿ. ಬಹಳಷ್ಟಕ್ಕೆ ನಡುವಿನ ಗುಂಡು ಬಿಲ್ಲೆಯನ್ನು ತಿರುಗಿಸಬೇಕು, ಕೆಂಪು ಗುಂಡಿ ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ರೋಲ್ ಕೇಜ್ ಇದೆ. ಹಾಗಾದ್ರೆ ಇನ್ನೂ ಸೇಫ್ ಅಲ್ವಾ?

ಕಾರ್ ಮಗುಚಿದರೂ ಛಾವಣಿ ಕುಸಿಯದಂತೆ ಒಳಗೆ ಕಟ್ಟಿದ ಪೈಪಿನ ಚೌಕಟ್ಟು ಅದು. ಹೆಲ್ಮೆಟ್ ಹಾಕಿದ್ದರೆ ಹೌದು. ಹೆಲ್ಮೆಟ್ ಇಲ್ಲದೆ ಬರೀ ತಲೆಯಲ್ಲಿ ಕೂತಿದ್ದರೆ ಅದೇ ಕೇಜ್ ನಿಮ್ಮ ತಲೆಯ ಪಕ್ಕದಲ್ಲಿರುವ ಉಕ್ಕಿನ ಪೈಪ್. ಸಣ್ಣ ಡಿಕ್ಕಿಯಲ್ಲೂ ತಲೆ ಅಲ್ಲಿಗೆ ಹೋಗಿ ಬಡಿಯಬಹುದು. ಪೈಪಿಗೆ ಸುತ್ತಿದ ಮೆತ್ತೆ ಒತ್ತಿ ನೋಡಿ. ಸ್ಪಂಜಿನಂತೆ ಸುಲಭವಾಗಿ ಅದುಮಿಕೊಂಡರೆ ಹೊಡೆತಕ್ಕೆ ಅದು ಏನೂ ಮಾಡುವುದಿಲ್ಲ. ಕೇಜ್‌ಗೆಂದೇ ಮಾಡಿದ ಮೆತ್ತೆ ಬೆರಳಿಗೆ ಗಟ್ಟಿಯಾಗಿರುತ್ತದೆ. ಪೂರ್ತಿ ಕೇಜ್ ಇರುವ ಕಾರಿನ ಹಿಂದಿನ ಸೀಟಲ್ಲಿ ಕೂರಲೇಬೇಡಿ.

ಮಗನಿಗೂ ಕಾರ್ ಅಂದ್ರೆ ಪ್ರಾಣ. ಕರ್ಕೊಂಡು ಹೋಗಲಾ?

ಮೀಟ್‌ಗೆ ಖಂಡಿತ. ಕಿವಿ ಮುಚ್ಚುವ ಇಯರ್‌ಮಫ್ ಇರಲಿ, ಎಂಜಿನ್ ಶುರುವಾದ ಕಾರಿನ ಎಕ್ಸಾಸ್ಟ್ ಹಿಂದೆ ನಿಲ್ಲಲು ಬಿಡಬೇಡಿ. ಎಕ್ಸಾಸ್ಟ್ ತುದಿ ಮುಟ್ಟಿದರೆ ಕೈ ಸುಡುತ್ತದೆ, ಅದು ಸರಿಯಾಗಿ ಮಗುವಿನ ಎತ್ತರಕ್ಕೇ ಇರುತ್ತದೆ. ಸವಾರಿಗೆ ಮಾತ್ರ ಬೇಡ, ಮಕ್ಕಳ ಸೀಟು ಸರಿಯಾಗಿ ಕೂರುವ, ಕಂಪನಿಯ ಬೆಲ್ಟ್‌ಗಳೆಲ್ಲ ಇರುವ ಕಾರ್ ಆಗಿದ್ದರೆ ಬೇರೆ ಮಾತು. ನಿಂತ ಕಾರಲ್ಲಿ ಸ್ಟೀರಿಂಗ್ ಹಿಡಿಸಿ ಒಂದು ಫೋಟೋ ತೆಗೆದರೆ ಅವನಿಗೆ ಅಷ್ಟೇ ಸಂತೋಷ.

## ಒಳಗೆ ಕೂತ ಮೇಲೆ

ಬಕೆಟ್ ಸೀಟಿಗೆ ಇಳಿಯೋದೇ ಸರ್ಕಸ್. ಏನಾದ್ರೂ ಉಪಾಯ ಇದೆಯಾ?

ಮೊದಲು ಕಾಲು ಒಳಗೆ, ಆಮೇಲೆ ಕೂರುವುದು. ಸೀಟಿನ ಪಕ್ಕದ ಎತ್ತರದ ಅಂಚಿನ ಮೇಲೆ ಕೂತು ಜಾರಬೇಡಿ, ಅಲ್ಲೇ ಬಟ್ಟೆ ಸವೆದು ಹರಿಯುವುದು. ಬಾಗಿಲನ್ನು ಮೆಲ್ಲಗೆ ಹಾಕಿ. ಕಿಟಕಿಗೆ ಚೌಕಟ್ಟಿಲ್ಲದ ಬಾಗಿಲಾದರೆ ಗಾಜು ಹಿಡಿದು ಎಳೆಯಬೇಡಿ.

ಹೋಗ್ತಾ ಇರುವಾಗ ಕೈ ಎಲ್ಲಿಡಲಿ? ಮಾತಾಡಬಹುದಾ?

ಕೈ ತೊಡೆಯ ಮೇಲಿರಲಿ. ಹ್ಯಾಂಡ್‌ಬ್ರೇಕ್, ಗೇರ್ ಲಿವರ್ ಕಡೆ ಬೇಡ. ನೇರ ರಸ್ತೆಯಲ್ಲಿ ಮಾತಾಡಿ, ತಿರುವು ಬಂದಾಗ ನಿಲ್ಲಿಸಿ. ಸ್ಟೀರಿಂಗ್ ಬಲಕ್ಕಿರುವ ಕಾರಿಗೆ ಒಗ್ಗಿದವರು ಮೊದಲ ಸಲ ಎಡಕ್ಕಿರುವ ಕಾರಲ್ಲಿ ಕೂತಾಗ ಕಾಲು ಸುಮ್ಮಸುಮ್ಮನೆ ಬ್ರೇಕ್ ಹುಡುಕುತ್ತದೆ. ನಗು ಬರುತ್ತದೆ, ಆದರೆ ನೆಲವನ್ನು ಜೋರಾಗಿ ಒದೆಯಬೇಡಿ. ಕಾರ್ಪೆಟ್ ಕಿತ್ತ ಕಾರುಗಳಲ್ಲಿ ವೈರುಗಳು ಅಲ್ಲೇ ಹಾದುಹೋಗಿರುತ್ತವೆ.

ಹೊಟ್ಟೆ ತೊಳಸುತ್ತೆ. ಮರ್ಯಾದೆ ಹೋಗದ ಹಾಗೆ ಏನು ಮಾಡಲಿ?

ಬೇಗ ಹೇಳಿ. "ಎರಡು ನಿಮಿಷ ನಿಲ್ಲಿಸ್ತೀರಾ" ಅಂದರೆ ಮರ್ಯಾದೆ ಉಳಿಯುತ್ತದೆ, ಅವರ ಸೀಟೂ ಉಳಿಯುತ್ತದೆ. ಕಣ್ಣಿಗೂ ಒಳಕಿವಿಗೂ ತಾಳೆಯಾಗದಿದ್ದಾಗ ಹೀಗಾಗುವುದು. ಅದಕ್ಕೇ ಫೋನ್ ನೋಡಬೇಡಿ, ದೂರದ ರಸ್ತೆ ನೋಡಿ, ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಕಣ್ಣಿಡಿ. ಡ್ರೈವರ್‌ಗೆ ಯಾಕೆ ಹೀಗಾಗುವುದಿಲ್ಲ ಅಂದರೆ ಮುಂದೆ ಏನು ಬರುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಇಷ್ಟು ಪವರ್ ಇದ್ದೂ ಶುರುವಲ್ಲಿ ಯಾಕೆ ಇಷ್ಟು ನಿಧಾನ ಓಡಿಸ್ತಾರೆ?

ನಿಮ್ಮ ಅದೃಷ್ಟ, ಒಳ್ಳೆಯವರ ಪಕ್ಕ ಕೂತಿದ್ದೀರಿ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬೇಗ ಬಿಸಿಯಾಗುತ್ತದೆ, ಎಂಜಿನ್ ಆಯಿಲ್ ಅದಕ್ಕಿಂತ ನಿಧಾನ. ಆಯಿಲ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಬಲ್ಲವರು ಎಂಜಿನ್ ರೇಗಿಸುವುದಿಲ್ಲ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುವಂಥದ್ದು, ಅದು ನಿಂತಿರುವುದೇ ತೆಳುವಾದ ಆಯಿಲ್ ಪದರದ ಮೇಲೆ. ಟ್ರ್ಯಾಕ್‌ಗೆ ಮಾಡಿದ ಸೆಮಿ ಸ್ಲಿಕ್ ಟೈರ್‌ಗಳಿಗೂ ತಣ್ಣಗಿರುವಾಗ ಹಿಡಿತ ಕಡಿಮೆ. ವಾಪಸ್ ಬರುವಾಗಲೂ ಕೊನೆಯ ಕೆಲವು ನಿಮಿಷ ಹಗುರವಾಗಿ ಓಡಿಸುವುದು ಟರ್ಬೊ ತಣ್ಣಗಾಗಲಿ ಅಂತ.

ಗೇರ್ ಬದಲಿಸಿದಾಗ "ಪ್ಶ್ಶ್" ಅನ್ನುತ್ತೆ, ಕಾಲು ತೆಗೆದರೆ ಪಟಪಟ ಅನ್ನುತ್ತೆ. ಏನಾದ್ರೂ ಕೆಟ್ಟಿದೆಯಾ?

ಪ್ಶ್ಶ್ ಅನ್ನುವುದು ಬ್ಲೋ ಆಫ್ ವಾಲ್ವ್. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚುತ್ತದೆ, ಟರ್ಬೊ ತಳ್ಳಿದ ಗಾಳಿಗೆ ಹೋಗಲು ಜಾಗವಿಲ್ಲ, ಆ ಒತ್ತಡವನ್ನು ಈ ವಾಲ್ವ್ ಹೊರಗೆ ಬಿಡುತ್ತದೆ. ಪಟಪಟ ಅನ್ನುವುದು ಎಕ್ಸಾಸ್ಟ್‌ನಲ್ಲಿ ಉರಿಯುವ ಇಂಧನ. ಸ್ವಲ್ಪ ಆದರೆ ಸಹಜ. ಬಂದೂಕಿನ ಥರ ಸಿಡಿಯುವಂತೆ ಸಾಫ್ಟ್‌ವೇರಿನಲ್ಲಿ ಬೇಕೆಂದೇ ಮಾಡಿಸಿದ್ದರೆ ಅದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಆಯಸ್ಸು ತಿನ್ನುತ್ತದೆ, ಬೀದಿಯವರ ನಿದ್ದೆಯನ್ನೂ ತಿನ್ನುತ್ತದೆ. ನನಗಂತೂ ಇಷ್ಟವಿಲ್ಲ.

ಒಳಗೆ ಪೆಟ್ರೋಲ್ ವಾಸನೆ ಬರ್ತಿತ್ತು. "ಅದು ಹಾಗೇ ಇರುತ್ತೆ" ಅಂದ್ರು. ನಿಜಾನಾ?

ಅರ್ಧ ನಿಜ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ಕಾರಿನ ಹೊಗೆ ಘಾಟಾಗಿರುತ್ತದೆ, ಇ85 (ಹೆಚ್ಚಿನ ಪಾಲು ಎಥೆನಾಲ್ ಇರುವ ಇಂಧನ) ಹಾಕಿದ ಕಾರಿನ ಹೊಗೆ ಸ್ವಲ್ಪ ಸಿಹಿ ವಾಸನೆ. ಅದು ಹೊರಗೆ ಬಂದರೆ ಸರಿ. ಕಾರಿನೊಳಗೆ ಹೊಗೆ ನುಗ್ಗುತ್ತಿದೆ ಅಂದರೆ ಎಲ್ಲೋ ಸೋರಿಕೆ ಇದೆ, ಅಥವಾ ಹಿಂದೆ ಸಾಮಾನಿಡುವ ಡಿಕ್ಕಿಯ ಬಾಗಿಲಿನ ರಬ್ಬರ್ ಹಾಳಾಗಿದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತಲೆನೋವು, ಮಂಕು ಕವಿದಂತೆ ಆದರೆ ಕಿಟಕಿ ತೆಗೆದು, ನಿಲ್ಲಿಸಿ ಇಳಿಯಿರಿ. ಹಸಿ ಪೆಟ್ರೋಲ್ ವಾಸನೆ ಜಾಸ್ತಿಯಾಗುತ್ತಾ ಹೋದರೆ ಮಾತಿಗೆ ಕಾಯಬೇಡಿ. ಬಿಸಿ ಎಕ್ಸಾಸ್ಟ್ ಮೇಲೆ ಇಂಧನ ಬಿದ್ದರೆ ಬೆಂಕಿ.

ತುಂಬಾ ಜೋರಾಗಿ ಓಡಿಸ್ತಿದ್ದಾರೆ. ಬೇಜಾರು ಮಾಡದೆ ಹೇಗೆ ಹೇಳೋದು?

ಹೊರಡುವ ಮುಂಚೆಯೇ ಒಂದು ಮಾತು ಆಡಿಟ್ಟುಕೊಳ್ಳಿ: "ಸಾಕು ಅಂದ್ರೆ ಸಾಕು, ಆಯ್ತಾ?" ಹಾಗಿದ್ದರೆ ಆಮೇಲೆ "ಸಾಕು" ಅನ್ನುವುದು ಸುಲಭ. ನಗುತ್ತಾ ಹೇಳಬೇಡಿ, ತಮಾಷೆ ಅಂದುಕೊಳ್ಳುತ್ತಾರೆ. ಕೂಗಲೂ ಬೇಡ. ಕೇಳದಿದ್ದರೆ ಹೊಟ್ಟೆ ತೊಳಸುತ್ತಿದೆ ಅನ್ನಿ. ಇಂಥ ಸುಳ್ಳಿಗೆ ಪಾಪವಿಲ್ಲ, ಎಂಥವರೂ ತಕ್ಷಣ ನಿಲ್ಲಿಸುತ್ತಾರೆ.

ಒಂದು ಲೆಕ್ಕ ತಲೆಯಲ್ಲಿರಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಎಷ್ಟೇ ದುಬಾರಿ ಬ್ರೇಕ್ ಹಾಕಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಇನ್ನೊಂದು ಮಾತು: "ಇನ್ನೂ ಜೋರಾಗಿ" ಎಂದು ನೀವೂ ಹುರಿದುಂಬಿಸಬೇಡಿ. ಪಕ್ಕದ ಸೀಟಿನಿಂದ ಬಂದ ಆ ಒಂದು ಮಾತಿಗೆ ತಣ್ಣಗಿದ್ದವರೂ ಬದಲಾಗಿಬಿಡುತ್ತಾರೆ.

## ಇನ್ನೂ ಒಳಕ್ಕೆ

ಪಕ್ಕದ ಸೀಟಲ್ಲಿ ಕೂತು, ಕಾರ್ ಚೆನ್ನಾಗಿ ಮಾಡಿಸಿದ್ದಾರಾ ಅಂತ ಹೇಗೆ ತಿಳಿಯೋದು?

ಜೋರಾಗಿ ಹೋದಾಗ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತವೆ. ನಿಧಾನ ಹೋಗುವಾಗ ಗಮನಿಸಿ. ಟ್ರಾಫಿಕ್‌ನಲ್ಲಿ ನಿಂತಾಗ ಎಂಜಿನ್ ಒಂದೇ ಸಮ ಉಸಿರಾಡುತ್ತಿದೆಯಾ, ಇಲ್ಲಾ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು ಮೇಲೆ ಕೆಳಗೆ ಆಡುತ್ತಿದೆಯಾ? ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಕಾರ್ ಮೆಲ್ಲಗೆ ಮುಂದೆ ಸರಿಯುತ್ತದಾ, ಇಲ್ಲಾ ಜಗ್ಗಿ ಜಗ್ಗಿ ಹೋಗುತ್ತದಾ? ಅರ್ಧಂಬರ್ಧ ಒತ್ತಿ ಓಡಿಸುವ ಈ ಜಾಗವನ್ನು ಸರಿಮಾಡಲು ಟ್ಯೂನರ್‌ಗೆ ಜಾಸ್ತಿ ಹೊತ್ತು ಬೇಕು. ಆತುರದ ಟ್ಯೂನ್ ಇಲ್ಲೇ ಬಯಲಾಗುವುದು.

ಆಮೇಲೆ ಸಸ್ಪೆನ್ಷನ್. ಗಟ್ಟಿ ಇದ್ದರೆ ತಪ್ಪಿಲ್ಲ. ಗುಂಡಿಗೆ ಬಿದ್ದಾಗ "ಧಡ್" ಎಂದು ಒಂದು ಸಲ ಬಂದು ಕಾರ್ ಸುಮ್ಮನಾಗಬೇಕು. ಎರಡು ಮೂರು ಸಲ ಕುಣಿದರೆ ಸ್ಪ್ರಿಂಗಿಗೂ ಅದರ ಕುಣಿತ ತಡೆಯುವ ಡ್ಯಾಂಪರ್‌ಗೂ ಹೊಂದಾಣಿಕೆಯಿಲ್ಲ. ಸ್ಪ್ರಿಂಗನ್ನು ಮಾತ್ರ ಕತ್ತರಿಸಿ ಇಳಿಸಿದ ಕಾರುಗಳು ಹೀಗೇ ಕುಣಿಯುತ್ತವೆ. ತೀರಾ ಇಳಿಸಿದ್ದರೆ ಸಸ್ಪೆನ್ಷನ್‌ಗೆ ಚಲಿಸಲು ಜಾಗವೇ ಉಳಿಯದೆ, ಕೊನೆಯ ರಬ್ಬರ್‌ಗೆ ಬಡಿಯುತ್ತಾ ಹೋಗುತ್ತದೆ. ತಿರುವಿನ ನಡುವೆ ಹಾಗೆ ಬಡಿದರೆ ಹಿಡಿತ ಒಮ್ಮೆಲೇ ತಪ್ಪಬಹುದು.

ಬ್ರೇಕ್ ಒತ್ತಿದಾಗ ಕಾರ್ ಒಂದು ಪಕ್ಕಕ್ಕೆ ಎಳೆಯುತ್ತಿದೆಯಾ, ಡ್ರೈವರ್ ಪೆಡಲನ್ನು ಎರಡೆರಡು ಸಲ ಒತ್ತುತ್ತಿದ್ದಾರಾ ನೋಡಿ. ಗೇಜ್‌ಗಳನ್ನೂ ನೋಡಿ. ಡ್ಯಾಶ್‌ಬೋರ್ಡ್ ತುಂಬ ಗೇಜ್ ಹಾಕಿ ಯಾವುದನ್ನೂ ನೋಡದವರಿಗಿಂತ, ಆಯಿಲ್ ಒತ್ತಡದ್ದು ಒಂದೇ ಹಾಕಿ ಆಗಾಗ ಕಣ್ಣು ಹಾಯಿಸುವವರ ಕಾರ್ ಜಾಸ್ತಿ ದಿನ ಬಾಳುತ್ತದೆ.

400 ಹಾರ್ಸ್‌ಪವರ್ ಅಂತಾರೆ, ಡೈನೋ ಶೀಟೂ ತೋರಿಸ್ತಾರೆ. ನಂಬಲಾ?

ಡೈನೋ ಅಂದರೆ ಕಾರಿನ ಪವರ್ ಅಳೆಯುವ ಯಂತ್ರ. ಯಾವ 400 ಎಂದು ಕೇಳಿ. ಚಕ್ರದಲ್ಲಿ ಅಳೆದದ್ದಾ, ಎಂಜಿನ್ನಿನಲ್ಲಾ? ಗೇರ್‌ಬಾಕ್ಸ್, ಆಕ್ಸಲ್ ದಾಟಿ ಬರುವಾಗ ಒಂದಿಷ್ಟು ಶಕ್ತಿ ಕಳೆದುಹೋಗುತ್ತದೆ. ಸುಮಾರು 15 ಶೇಕಡಾ ಎಂದು ವಾಡಿಕೆಯ ಲೆಕ್ಕ ಹಾಕಿ, ಚಕ್ರದ ಅಂಕಿಗೆ ಅದನ್ನು ಸೇರಿಸಿ ಹೇಳುತ್ತಾರೆ. ಗಾಳಿಯ ಬಿಸಿ, ಒತ್ತಡಕ್ಕೆ ತಕ್ಕ ತಿದ್ದುಪಡಿಯೂ ಇದೆ. ಒಂದೇ ಕಾರ್ ಎರಡು ಡೈನೋಗಳಲ್ಲಿ ಎರಡು ಅಂಕಿ ತೋರಿಸುವುದು ಮಾಮೂಲಿ. ಅದೇ ಡೈನೋದಲ್ಲಿ ಬದಲಾವಣೆಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ವ್ಯತ್ಯಾಸಕ್ಕೆ ಮಾತ್ರ ನಾನು ಬೆಲೆ ಕೊಡುವುದು.

ಕಂಪನಿಗಳೂ ಅಂಕಿಯ ವಿಷಯದಲ್ಲಿ ಹರಿಶ್ಚಂದ್ರರೇನಲ್ಲ. 1989ರ ಹೊತ್ತಿಗೆ ಜಪಾನಿನ ತಯಾರಕರು 280 ಪಿಎಸ್‌ಗಿಂತ (ಪಿಎಸ್ ಅಂದರೆ ಹೆಚ್ಚುಕಡಿಮೆ ಹಾರ್ಸ್‌ಪವರ್) ಜಾಸ್ತಿ ಹೇಳುವುದಿಲ್ಲ ಎಂದು ತಮ್ಮೊಳಗೆ ಒಪ್ಪಿಕೊಂಡಿದ್ದರು. 2004ರ ತನಕ ಅದು ನಡೆಯಿತು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾಗದದಲ್ಲಿ 280, ಡೈನೋ ಮೇಲೆ ಅದಕ್ಕಿಂತ ಜಾಸ್ತಿ ತೋರಿಸುತ್ತಿತ್ತು.

ಟರ್ಬೊ, ಟರ್ಬೊ ಇಲ್ಲದ್ದು, ಎಲೆಕ್ಟ್ರಿಕ್. ಕೂತವರಿಗೆ ಏನು ವ್ಯತ್ಯಾಸ?

ದೊಡ್ಡ ಟರ್ಬೊ ಇದ್ದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಲ್ಲ ಆಗುತ್ತದೆ. ಎಕ್ಸಾಸ್ಟ್ ಹೊಗೆ ಟರ್ಬೈನನ್ನು ವೇಗಕ್ಕೆ ತರುವ ತನಕದ ಆ ಕಾಯುವಿಕೆಯೇ ಲ್ಯಾಗ್. 1 ಬಾರ್ ಬೂಸ್ಟ್ ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಸುಮಾರು ಎರಡು ಪಟ್ಟು. ಬೆನ್ನಿಗೆ ಗುದ್ದಿದ ಹಾಗಾಗುವುದು ಅದಕ್ಕೇ. ಟರ್ಬೊ ಇಲ್ಲದ ಎಂಜಿನ್ ಆರ್‌ಪಿಎಂ ಏರಿದಂತೆ ತಾನೂ ಏರುತ್ತಾ ಹೋಗುತ್ತದೆ, ಮೇಲೆ ಹೋದಂತೆ ಸದ್ದು ಬದಲಾಗುತ್ತದೆ. ಅಂಕಿ ಕಡಿಮೆ ಇದ್ದರೂ ಆ ಹಾಡು ಕೇಳಲು ನಾನು ಮತ್ತೆ ಹತ್ತುತ್ತೇನೆ. ಮಜ್ದಾದ ರೋಟರಿ ಎಂಜಿನ್ ಕಾರಲ್ಲಿ ಕೂರುವ ಅವಕಾಶ ಸಿಕ್ಕರೆ ಬಿಡಬೇಡಿ. ಪಿಸ್ಟನ್ನೇ ಇಲ್ಲದ ಆ ಸದ್ದು ಬೇರೆ ಯಾವುದರಲ್ಲೂ ಇಲ್ಲ.

ಎಲೆಕ್ಟ್ರಿಕ್ ಕಾರಲ್ಲಿ ಮುನ್ಸೂಚನೆ ಇಲ್ಲ. ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಹೊರಡುವ ಮುಂಚೆ ತಲೆಯನ್ನು ಹೆಡ್‌ರೆಸ್ಟಿಗೆ ಒರಗಿಸಿ. ಹಳೆಯ ಕಾರಿಗೆ ಬ್ಯಾಟರಿ, ಮೋಟರ್ ಹಾಕಿಸಿದ್ದು ನೋಡಲು ಸಿಕ್ಕರೆ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಕೈ ಬೇಡ. ಅವು ಹೈ ವೋಲ್ಟೇಜ್.

ಟ್ರ್ಯಾಕ್ ಡೇಯಲ್ಲಿ ಪಕ್ಕದ ಸೀಟಿಗೆ ಕರೆದಿದ್ದಾರೆ. ತಯಾರಿ ಏನು?

ಆಯೋಜಕರು ಪ್ಯಾಸೆಂಜರ್ ಬಿಡುತ್ತಾರಾ ಕೇಳಿ, ಎಲ್ಲ ಕಡೆ ಬಿಡುವುದಿಲ್ಲ. ಸಹಿ ಹಾಕಿಸುವ ಕಾಗದವನ್ನು ಓದಿ ಹಾಕಿ. ಹೆಲ್ಮೆಟ್ ಸ್ನೆಲ್ ಎಂಬ ಪರೀಕ್ಷಾ ಸಂಸ್ಥೆಯ ಎಸ್ಎ ದರ್ಜೆಯದಾದರೆ ಉತ್ತಮ. ಅದರ ಒಳಬಟ್ಟೆ ಬೆಂಕಿ ತಡೆಯುವಂಥದ್ದು, ಕೇಜ್ ಪೈಪಿಗೆ ಬಡಿದರೆ ಏನಾಗುತ್ತದೆ ಎಂಬ ಪರೀಕ್ಷೆಯೂ ಅದಕ್ಕಿದೆ. ಬೈಕಿನ ಎಂ ದರ್ಜೆಗೆ ಇವೆರಡೂ ಇಲ್ಲ. ಉದ್ದ ತೋಳಿನ ಹತ್ತಿ ಬಟ್ಟೆ ಹಾಕಿ, ಸಿಂಥೆಟಿಕ್ ಬೇಡ. ಹೊಟ್ಟೆ ಅರ್ಧ ತುಂಬಿರಲಿ.

ಕಾರಿನ ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಹಾಗಾದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಟ್ರ್ಯಾಕ್‌ನಲ್ಲಿ ಅಷ್ಟು ಬಿಸಿ ಬೇಗ ಬರುತ್ತದೆ. ಆಯಿಲ್ ಕುದ್ದು ಗುಳ್ಳೆಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರ್ ನಿಲ್ಲುವುದಿಲ್ಲ.

ಜರ್ಮನಿಯ ನ್ಯೂರ್ಬುರ್ಗ್‌ರಿಂಗ್‌ನ 20.8 ಕಿಲೋಮೀಟರ್ ನಾರ್ಡ್‌ಶ್ಲೈಫೆಯಲ್ಲಿ ಸಾರ್ವಜನಿಕರಿಗೆ ಬಿಡುವ ಹೊತ್ತಿನಲ್ಲಿ ಯಾರದೋ ಕಾರಲ್ಲಿ ಕೂರುವ ಅವಕಾಶ ಸಿಕ್ಕೀತು. ಅದು ರೇಸ್ ಅಲ್ಲ, ಆ ಹೊತ್ತಿನಲ್ಲಿ ಅದು ಟೋಲ್ ಕೊಟ್ಟು ಹೋಗುವ ರಸ್ತೆ, ಸಂಚಾರ ನಿಯಮಗಳು ಅನ್ವಯಿಸುತ್ತವೆ.

ಅಪಘಾತ ಆದ್ರೆ ವಿಮೆ ಸಿಗುತ್ತಾ?

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಸಾಮಾನ್ಯವಾಗಿ ಬದಲಾವಣೆಗಳನ್ನು ವಿಮೆ ಕಂಪನಿಗೆ ತಿಳಿಸಿರಬೇಕು, ತಿಳಿಸದಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ದಾರಿ ಸಿಗುತ್ತದೆ. ಟ್ರ್ಯಾಕ್ ಡೇಯನ್ನು ರಸ್ತೆಯ ಪಾಲಿಸಿಗಳು ಹೆಚ್ಚಾಗಿ ಹೊರಗಿಡುತ್ತವೆ. "ಮಾಡಿಫಿಕೇಷನ್ ಎಲ್ಲ ಪಾಲಿಸಿಯಲ್ಲಿ ಬರೆಸಿದ್ದೀರಾ?" ಎಂದು ಕೇಳುವುದು ಅವಮಾನವಲ್ಲ.

"ನೀವೇ ಓಡಿಸಿ ನೋಡಿ" ಅಂತ ಕೀ ಕೊಟ್ರು. ತಗೊಳ್ಲಾ?

ಕಾರ್ ಕೆಟ್ಟರೆ ದುಡ್ಡು ಯಾರು ಕೊಡುವುದು ಎಂಬ ಮಾತು ಮುಗಿಯದೆ ತಗೊಳ್ಳಬೇಡಿ. ಪಾಲಿಸಿಯಲ್ಲಿ ಬೇರೆಯವರು ಓಡಿಸಬಹುದಾ ಎಂದೂ ನೋಡಿ. ಎರಡೂ ಸರಿ ಇದ್ದರೆ ಖಾಲಿ ಜಾಗದಲ್ಲಿ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಮೊದಲು ಕಲಿಯಿರಿ. ಗಟ್ಟಿ ಕ್ಲಚ್ ಹಾಕಿಸಿದ ಕಾರ್ ಹೊಸಬರ ಕೈಯಲ್ಲಿ ನಾಲ್ಕು ಸಲ ಆಫ್ ಆಗುವುದು ಮಾಮೂಲಿ. ನಾಲ್ಕು ಸಾವಿರ ಆರ್‌ಪಿಎಂ ಮೇಲೆ ಹೋಗುವುದು ಅವರು ಹೇಳಿದರೆ ಮಾತ್ರ.

ಇಷ್ಟೆಲ್ಲ ಕಾರಲ್ಲಿ ಕೂತ ಮೇಲೆ ನಂದನ್ನೂ ಮಾಡಿಸೋಣ ಅನ್ನಿಸ್ತಿದೆ. ಮೊದಲು ಏನು?

ಇನ್ನೊಂದಿಷ್ಟು ಕಾರಲ್ಲಿ ಕೂರಿ. ಒಂದೇ ಮಾಡೆಲಿನ ಮೂರು ಕಾರ್ ಸಿಕ್ಕರೆ ಚಿನ್ನ: ಒಂದು ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವುದು), ಒಂದು ಸ್ವಲ್ಪ ತಿದ್ದಿದ್ದು, ಒಂದು ಮಿತಿ ಮೀರಿದ್ದು. ದಿನಾ ಆಫೀಸಿಗೆ ಹೋಗಲು ಇದರಲ್ಲಿ ಯಾವುದು ಬೇಕು ಎಂದು ಬೆನ್ನೇ ಹೇಳುತ್ತದೆ. ಆಮೇಲೆ ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್. ನಂತರ ಸಸ್ಪೆನ್ಷನ್. ಎಂಜಿನ್ ಕೊನೆಗೆ. ಈ ಸರದಿಯನ್ನು ಎಲ್ಲರೂ ಒಪ್ಪುತ್ತಾರೆ, ಪಾಲಿಸುವವರು ಕಡಿಮೆ. ಕಂಪನಿಯ ಭಾಗಗಳನ್ನು ಮಾರಬೇಡಿ, ಅಟ್ಟಕ್ಕೆ ಹಾಕಿಡಿ. ಕಾರ್ ಮಾರುವ ದಿನ ಬಂದಾಗ ತಗೊಳ್ಳುವವರು ಮೊದಲು ಕೇಳುವುದು ಅದನ್ನೇ.